ಕ್ಯಾನ್ಸರ್ ಕೋಶ ಹುಟ್ಟಿದ ಜಾಗ ಬಿಟ್ಟು ಬೇರೆ ಅಂಗಕ್ಕೆ ಹೋಗಿ ಬದುಕುವುದು ಹೇಗೆ?

ಹಲವು ಕ್ಯಾನ್ಸರ್‌ಗಳಲ್ಲಿ ಇದರಲ್ಲಿ ಸ್ನೇಲ್, ಟ್ವಿಸ್ಟ್ ಎಂಬ ನಿಯಂತ್ರಕ ಪ್ರೋಟೀನುಗಳ (ಜೀನುಗಳನ್ನು ಆನ್-ಆಫ್ ಮಾಡುವವು) ಪಾತ್ರ ದೊಡ್ಡದು.

ಸ್ತನ, ಕರುಳಿನಂಥ ಅಂಗಗಳ ಒಳಪದರದ ಕೋಶಗಳನ್ನು ಇ-ಕ್ಯಾಡ್ಹೆರಿನ್ ಎಂಬ ಪ್ರೋಟೀನು ಒಂದಕ್ಕೊಂದು ಅಂಟಿಸಿ ಹಿಡಿದಿರುತ್ತದೆ. ಸ್ನೇಲ್ ಜಾಸ್ತಿಯಾದರೆ ಇ-ಕ್ಯಾಡ್ಹೆರಿನ್ ಜೀನಿಗೇ ಹೋಗಿ ಅಂಟಿಕೊಂಡು ಅದನ್ನು ಆಫ್ ಮಾಡುತ್ತದೆ. ಆಗ ಹಿಡಿತ ಸಡಿಲವಾಗುತ್ತದೆ. ಕೋಶ ಆಕಾರ ಬದಲಿಸಿ ಹರಿದಾಡತೊಡಗುತ್ತದೆ.

ಟ್ವಿಸ್ಟ್ ಕೂಡ ಇಂಥದೇ ಕೆಲಸ ಮಾಡುತ್ತದೆ. 2004ರಲ್ಲಿ ಇಲಿಗಳ ಸ್ತನ ಕ್ಯಾನ್ಸರ್ ಕೋಶಗಳಲ್ಲಿ ಟ್ವಿಸ್ಟನ್ನು ತಗ್ಗಿಸಿ ನೋಡಿದರು. ಶ್ವಾಸಕೋಶಕ್ಕೆ ಹರಡುವುದು ತುಂಬಾ ಕಡಿಮೆಯಾಯಿತು, ಆದರೆ ಮೂಲ ಗಡ್ಡೆ ಎಂದಿನಂತೆ ಬೆಳೆಯಿತು. ನನಗೆ ಇದು ಬಹಳ ಮುಖ್ಯ ಅನಿಸುತ್ತದೆ: ಬೆಳೆಯುವುದು ಬೇರೆ, ಹರಡುವುದು ಬೇರೆ. ಅಂದಹಾಗೆ, ಇವು ಕ್ಯಾನ್ಸರಿಗೆಂದೇ ಇರುವ ಪ್ರೋಟೀನುಗಳಲ್ಲ. ಭ್ರೂಣ ರೂಪುಗೊಳ್ಳುವಾಗ ಕೋಶಗಳು ತಮ್ಮ ಜಾಗ ಸೇರಲು ಇವು ಬೇಕೇ ಬೇಕು.

ಇನ್ನು ಬದುಕುಳಿಯುವ ವಿಷಯ. ಅಂಟಿದ ಜಾಗದಿಂದ ಕಳಚಿಕೊಂಡ ಸಾಮಾನ್ಯ ಕೋಶ ತಾನಾಗಿಯೇ ಸಾಯುತ್ತದೆ. ಹಲವು ಕ್ಯಾನ್ಸರ್ ಕೋಶಗಳಲ್ಲಿ ಬಿಸಿಎಲ್-2 ಗುಂಪಿನ ಕೆಲವು ಪ್ರೋಟೀನುಗಳು, ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದ ಬಳಿ ಈ ಸಾವಿಗೆ ತಡೆ ಹಾಕುತ್ತವೆ. ಬಿಸಿಎಲ್-2 ಅನ್ನೇ ಕಟ್ಟಿಹಾಕುವ ವೆನೆಟೊಕ್ಲಾಕ್ಸ್ ಎಂಬ ಮಾತ್ರೆಗೆ 2016ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದನ್ನು ಮೊದಲು ಕೊಟ್ಟಿದ್ದು ಒಂದು ಬಗೆಯ ರಕ್ತ ಕ್ಯಾನ್ಸರಿಗೆ.