ಸಿಮ್ ಬದಲಿಸಿದ ಹಾಗೆ ಕರೆಂಟ್ ಕಂಪನಿ ಬದಲಿಸಬಹುದೇ?

ಪ್ರಶ್ನೆ: ದಾವಣಗೆರೆ ಹತ್ತಿರ ನಮ್ಮದೊಂದು ಅಕ್ಕಿ ಗಿರಣಿ ಇದೆ, ಮಂಜೂರಾದ ಲೋಡ್ 150 ಎಚ್‌ಪಿ. ಮುಂಬೈಯಲ್ಲಿರುವ ನಮ್ಮ ಬೀಗರು ಟಾಟಾ ಬೇಕೋ ಅದಾನಿ ಬೇಕೋ ತಾವೇ ಆರಿಸಿಕೊಳ್ಳುತ್ತಾರಂತೆ. ಇಲ್ಲೂ ಬೆಸ್ಕಾಂ ಜೊತೆ ನಾಲ್ಕು ಕಂಪನಿ ಬಂದರೆ ಸಿಮ್ ಬದಲಿಸಿದ ಹಾಗೆ ಬದಲಿಸಬಹುದು, ದರ ಇಳಿಯುತ್ತದೆ ಎನ್ನುತ್ತಾರೆ. ಈ ನಡುವೆ ಗಾಳಿ ವಿದ್ಯುತ್ತಿನ ಏಜೆಂಟರೊಬ್ಬರು ಹತ್ತು ವರ್ಷದ ಕರಾರು ಹಿಡಿದು ಬಂದಿದ್ದಾರೆ. ಸಹಿ ಹಾಕಲೇ, ಕಾಯಲೇ?
– ಗಿರಣಿ ಮಾಲೀಕರು, ದಾವಣಗೆರೆ

ಉತ್ತರ: ಈಗಲೇ ಸಹಿ ಬೇಡ. ಹಾಗಂತ ನಾಲ್ಕು ಕಂಪನಿ ಬರಲಿ ಎಂದು ಕಾಯುತ್ತಲೂ ಕೂರಬೇಡಿ.

ಕಳೆದ ತಿಂಗಳ ಬಿಲ್ ಎದುರಿಗಿಟ್ಟುಕೊಳ್ಳಿ. ನಿಗದಿತ ಶುಲ್ಕ, ಯೂನಿಟ್ ಶುಲ್ಕ, ಇಂಧನ ವೆಚ್ಚ ಹೊಂದಾಣಿಕೆ, ತೆರಿಗೆ. ಇದರ ಮೇಲೆ 2025ರ ಏಪ್ರಿಲ್‌ನಲ್ಲಿ ಯೂನಿಟ್‌ಗೆ 36 ಪೈಸೆಯಂತೆ ಸೇರಿಕೊಂಡ, ವಿದ್ಯುತ್ ನೌಕರರ ಪಿಂಚಣಿ–ಗ್ರಾಚ್ಯುಟಿ ಸರ್ಚಾರ್ಜ್. ಹೊಸ ಕಂಪನಿ ಇದರಲ್ಲಿ ಯಾವುದನ್ನು ಇಳಿಸಬಲ್ಲದು? ತೆರಿಗೆ ಸರ್ಕಾರದ್ದು. ಕಂಬ, ತಂತಿ, ಟಿಸಿ (ಟ್ರಾನ್ಸ್‌ಫಾರ್ಮರ್) ಇರುವುದು ಒಂದೇ ಸೆಟ್. ಯಾರು ಬಂದರೂ ಅದರ ಬಾಡಿಗೆ ಕಟ್ಟಲೇಬೇಕು, ಆ ಬಾಡಿಗೆ ಎಷ್ಟೆಂದು ಹೇಳುವುದು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ. ಮೊಬೈಲ್ ಕಂಪನಿಗಳಿಗಾದರೆ ತಮ್ಮ ತಮ್ಮದೇ ನೆಟ್‌ವರ್ಕ್ ಇದೆ. ಇಲ್ಲಿ ನಾಲ್ಕು ಕಂಪನಿ ಬಂದರೂ ನಿಮ್ಮ ಟಿಸಿ ಸುಟ್ಟರೆ ಕಂಬ ಹತ್ತುವವರು ಅದೇ ಲೈನ್‌ಮನ್ ಅಣ್ಣ. ಕೊನೆಗೆ ಪೈಪೋಟಿಗೆ ಉಳಿಯುವುದು ಎರಡೇ: ವಿದ್ಯುತ್ತನ್ನು ಸಗಟಿನಲ್ಲಿ ಎಷ್ಟಕ್ಕೆ ಕೊಂಡರು, ಬಿಲ್ ಮಾಡಿ ವಸೂಲಿ ಮಾಡಲು ಎಷ್ಟು ಖರ್ಚಾಯಿತು. ಎರಡನೆಯದು ಪುಡಿಗಾಸು.

ಸಗಟು ಖರೀದಿಯಲ್ಲಿ ಎಡವಿದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ ನೋಡಿ. ಅಲ್ಲಿ 1990ರಲ್ಲಿ 1 ಮೆಗಾವ್ಯಾಟ್ ಮೀರಿದವರಿಗೆ, 1994ರಲ್ಲಿ 100 ಕಿಲೋವ್ಯಾಟ್ ಮೀರಿದವರಿಗೆ, 1998–99ರಲ್ಲಿ ಮನೆಮನೆಗೂ ಆಯ್ಕೆ ಕೊಟ್ಟರು. (ಬೇರೆಯವರಿಂದ ವಿದ್ಯುತ್ ಕೊಂಡು ಇರುವ ತಂತಿಯಲ್ಲೇ ತರಿಸಿಕೊಳ್ಳುವುದಕ್ಕೆ ಮುಕ್ತ ಪ್ರವೇಶ ಎನ್ನುತ್ತಾರೆ. ನಮ್ಮ 2003ರ ವಿದ್ಯುತ್ ಕಾಯ್ದೆ ಅದಕ್ಕೆ ಹಿಡಿದದ್ದು ಅದೇ 1 ಮೆಗಾವ್ಯಾಟ್, 2022ರಲ್ಲಿ ಹಸಿರು ವಿದ್ಯುತ್ತಿಗೆ ಇಳಿಸಿದ್ದು ಅದೇ 100 ಕಿಲೋವ್ಯಾಟ್.) ಮೊದಲೆರಡು ಮೆಟ್ಟಿಲು ಸಲೀಸಾಗಿ ಹತ್ತಿದರು. ಲೆಕ್ಕ ನೋಡಿ ಚೌಕಾಸಿ ಮಾಡಲು ಕಾರ್ಖಾನೆಗಳಲ್ಲಿ ಜನ ಇದ್ದರು. ಮನೆಗಳ ವಿಷಯಕ್ಕೆ ಬಂದಾಗ, ಕಂಪನಿ ಬದಲಿಸದೆ ಸುಮ್ಮನಿದ್ದವರೇ ಹೆಚ್ಚು ಕಟ್ಟುವಂತಾಯಿತು. ಪೈಪೋಟಿಯೇ ದರ ಇಳಿಸುತ್ತದೆ ಎಂದಿದ್ದ ದೇಶ 2019ರ ಜನವರಿಯಲ್ಲಿ ದರಕ್ಕೆ ಗರಿಷ್ಠ ಮಿತಿ ಹಾಕಬೇಕಾಯಿತು. 2021ರಲ್ಲಿ ಗ್ಯಾಸ್ ಬೆಲೆ ಗಗನಕ್ಕೇರಿದಾಗ, ಮುಂಗಡ ಖರೀದಿ ಮಾಡಿಕೊಳ್ಳದ ಸಣ್ಣಪುಟ್ಟ ಕಂಪನಿಗಳು ಸಾಲುಸಾಲಾಗಿ ಬಾಗಿಲು ಹಾಕಿದವು. ಅವುಗಳ ಗ್ರಾಹಕರನ್ನು ಬೇರೆಯವರಿಗೆ ವಹಿಸಿದ ಖರ್ಚು ಎಲ್ಲರ ಬಿಲ್ಲಿಗೂ ಬಿತ್ತು.

ಟೆಕ್ಸಾಸ್‌ನದು ಇನ್ನೊಂದು ಬಗೆ. 2002ರಿಂದ ಅಲ್ಲಿ ಬಹುಪಾಲು ಜನರಿಗೆ ಆಯ್ಕೆಯಿದೆ. ಗ್ರಿಡ್ಡಿ ಎಂಬ ಕಂಪನಿ ಸಗಟು ದರವನ್ನೇ ನೇರ ಗ್ರಾಹಕರಿಗೆ ದಾಟಿಸುತ್ತಿತ್ತು. ತಿಂಗಳುಗಟ್ಟಲೆ ಅಗ್ಗವೂ ಆಗಿತ್ತು. 2021ರ ಫೆಬ್ರವರಿಯ ಹಿಮಪಾತದಲ್ಲಿ ಸಗಟು ದರ ಯೂನಿಟ್‌ಗೆ 9 ಡಾಲರ್‌ಗೆ ಏರಿ ದಿನಗಟ್ಟಲೆ ಅಲ್ಲೇ ನಿಂತಿತು. ಆಗಿನ ಲೆಕ್ಕದಲ್ಲಿ 650 ರೂಪಾಯಿ ಹತ್ತಿರ, ಅದೂ ಒಂದು ಯೂನಿಟ್‌ಗೆ! ಮರುತಿಂಗಳು ಕಂಪನಿ ದಿವಾಳಿ ಅರ್ಜಿ ಹಾಕಿತು.

ನಿಮ್ಮ ಬೀಗರು ಹೇಳಿದ್ದು ನಿಜ. 2008ರ ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ ಮುಂಬೈ ಉಪನಗರಗಳಲ್ಲಿ ರಿಲಯನ್ಸ್ (ಈಗಿನ ಅದಾನಿ) ತಂತಿಯಲ್ಲೇ ಟಾಟಾ ವಿದ್ಯುತ್ ಪಡೆಯಲು ದಾರಿಯಾಯಿತು. ಆದರೆ ಹಾಗೆ ಬಂದವರ ಬಿಲ್ಲಿಗೆ ತಂತಿ ಬಾಡಿಗೆಯ ಹಿಂದೆಯೇ ಕ್ರಾಸ್ ಸಬ್ಸಿಡಿ ಸರ್ಚಾರ್ಜ್ ಕೂಡ ಬಂತು. ಬಡವರ ದರ ಕಡಿಮೆ ಇಡಲು ದೊಡ್ಡ ಗ್ರಾಹಕರು ಹೆಚ್ಚಾಗಿ ಕಟ್ಟುತ್ತಿದ್ದ ಪಾಲನ್ನು ತುಂಬಿಸುವ ಶುಲ್ಕ ಇದು. ದೊಡ್ಡ ಗ್ರಾಹಕ ಎದ್ದು ಹೋದರೆ ಬಡವರ ಪಾಲಿನ ಹೊರೆ ಹೊರುವವರು ಯಾರು ಎಂಬ ಪ್ರಶ್ನೆ ಅದರ ಬುಡದಲ್ಲಿದೆ. ಕರ್ನಾಟಕದಲ್ಲೂ ತೊಡಕು ಅದೇ.

ಈಗ ನಿಮ್ಮ ಏಜೆಂಟರ ವಿಷಯ. ಹಸಿರು ವಿದ್ಯುತ್ತಿಗೆ ಹಿಡಿದ ಆ 100 ಕಿಲೋವ್ಯಾಟ್ ಎಂದರೆ ಸುಮಾರು 134 ಎಚ್‌ಪಿ. ನೀವು ಅದನ್ನು ದಾಟಿದ್ದೀರಿ, ಅದಕ್ಕೇ ಅವರು ನಿಮ್ಮ ಬಾಗಿಲಿಗೆ ಬಂದಿದ್ದಾರೆ. ಅವರು ಹೇಳುವ ದರ ಸಾಮಾನ್ಯವಾಗಿ ಗಾಳಿಯಂತ್ರದ ಬುಡದಲ್ಲಿನ ದರ. ಅದಕ್ಕೆ ಸಾಗಣೆ ಶುಲ್ಕ, ಲೈನ್ ನಷ್ಟ, ಎರಡು ಬಗೆಯ ಸರ್ಚಾರ್ಜ್ (ಕ್ರಾಸ್ ಸಬ್ಸಿಡಿಯದ್ದು, ಹೆಚ್ಚುವರಿಯದ್ದು) ಸೇರಿಸಿ, ಗಿರಣಿಯ ಮೀಟರಿಗೆ ಬಂದು ಬೀಳುವ ದರ ಎಷ್ಟೆಂದು ಬರವಣಿಗೆಯಲ್ಲಿ ಕೇಳಿ. ಷೇರು ತೆಗೆದುಕೊಳ್ಳಿ ಎನ್ನುತ್ತಿದ್ದರೆ ಅದು ಗುಂಪು ಕ್ಯಾಪ್ಟಿವ್ ಏರ್ಪಾಡು, ಅಂದರೆ ಬಳಸುವವರೇ ಘಟಕದ ಪಾಲುದಾರರಾಗುವುದು: ಬಳಕೆದಾರರೆಲ್ಲ ಸೇರಿ ಘಟಕದಲ್ಲಿ ಕನಿಷ್ಠ 26% ಪಾಲು ಹೊಂದಿ ಅದರ 51% ವಿದ್ಯುತ್ ಬಳಸಿದರೆ ಕ್ರಾಸ್ ಸಬ್ಸಿಡಿ ಸರ್ಚಾರ್ಜ್ ತಪ್ಪುತ್ತದೆ. ಗುಂಪಿನಲ್ಲಿ ಇಬ್ಬರು ಕೈಕೊಟ್ಟು ಲೆಕ್ಕ ತಪ್ಪಿದರೆ ನಿಮಗೂ ಏಟು.

ನಮ್ಮಲ್ಲಿ ಗಾಳಿ ಜೋರಾಗಿ ಬೀಸುವುದು ಜೂನ್‌ನಿಂದ ಸೆಪ್ಟೆಂಬರ್. ನಿಮ್ಮ ಗಿರಣಿಗೆ ಭತ್ತದ ಲಾರಿಗಳು ಸಾಲು ನಿಲ್ಲುವುದು ಸುಗ್ಗಿಯಲ್ಲಿ. ಆಷಾಢದ ವಿದ್ಯುತ್ತನ್ನು ಡಿಸೆಂಬರ್‌ವರೆಗೆ ಜಮಾ ಇಡಲು ಬಿಡುತ್ತಾರೋ, ತಿಂಗಳಿಗೇ ಮುಗಿಸಬೇಕೋ ಎಂಬುದರ ಮೇಲೆ ಇಡೀ ವ್ಯವಹಾರ ನಿಂತಿದೆ. ಆ ನಿಯಮವೇ ಅಲುಗಾಡುತ್ತಿದೆ: 2022ರ ಕೇಂದ್ರದ ಹಸಿರು ಮುಕ್ತ ಪ್ರವೇಶ ನಿಯಮಗಳನ್ನು 2024ರ ಡಿಸೆಂಬರ್‌ನಲ್ಲಿ ನಮ್ಮ ಹೈಕೋರ್ಟ್ ರದ್ದು ಮಾಡಿ, ಇದು ರಾಜ್ಯ ಆಯೋಗದ ಕೆಲಸ ಎಂದಿತು. ಹಾಗಾಗಿ ಯಾವ ಆದೇಶದ ಆಧಾರದ ಮೇಲೆ ಕರಾರು ಬರೆದಿದ್ದಾರೆ, ಕಾನೂನು ಬದಲಾದರೆ ಹೊರೆ ಯಾರದ್ದು, ಇವೆರಡು ಸ್ಪಷ್ಟವಾಗದೆ ಹತ್ತು ವರ್ಷಕ್ಕೆ ಕಟ್ಟಿಹಾಕಿಸಿಕೊಳ್ಳಬೇಡಿ. ಅದಕ್ಕೂ ಮೊದಲು ಗಿರಣಿಯ ಶೀಟಿನ ಮೇಲೆ ಎಷ್ಟು ಸೋಲಾರ್ ಕೂರುತ್ತದೆ ಎಂದು ಅಳತೆ ಮಾಡಿಸಿ. ಸ್ವಂತ ಚಾವಣಿಯಿಂದ ಇಳಿದು ಅಲ್ಲೇ ಖರ್ಚಾಗುವ ಯೂನಿಟ್‌ಗೆ ತಂತಿ ಬಾಡಿಗೆ ಇಲ್ಲ.

ಪ್ರಶ್ನೆ: ಚಿತ್ರದುರ್ಗದ ಜೋಗಿಮಟ್ಟಿ ಮೇಲೆ ಅಷ್ಟೊಂದು ಗಾಳಿಯಂತ್ರ ತಿರುಗುತ್ತವೆ. ಪಕ್ಕದಲ್ಲೇ ಇರುವ ನಮಗೆ ಆ ಕರೆಂಟ್ ಅಗ್ಗಕ್ಕೆ ಯಾಕಿಲ್ಲ? ಬೇರೆ ಕಂಪನಿ ಬಂದರೆ ಗೃಹಜ್ಯೋತಿ ನಿಲ್ಲುತ್ತದೆಯೇ?
– ಗೃಹಿಣಿ, ಚಿತ್ರದುರ್ಗ

ಉತ್ತರ: ಆ ಕರೆಂಟ್ ಬಹುಶಃ ನಿಮ್ಮ ಮನೆಯ ಫ್ಯಾನನ್ನೇ ತಿರುಗಿಸುತ್ತಿದೆ ಅಮ್ಮಾ, ವಿದ್ಯುತ್ ಹರಿಯುವುದು ಹತ್ತಿರದ ಲೋಡಿಗೆ. ಆದರೆ ದುಡ್ಡಿನ ಲೆಕ್ಕ ಕರಾರಿನ ಪ್ರಕಾರ ಬೇರೆ ಕಡೆ ಹೋಗುತ್ತದೆ. ದರವಂತೂ ಗುಡ್ಡದ ಬುಡಕ್ಕೊಂದು ಬೆಂಗಳೂರಿಗೊಂದು ಅಂತ ಇಲ್ಲ.

ಗೃಹಜ್ಯೋತಿ ಸರ್ಕಾರ ನಿಮ್ಮ ಪರವಾಗಿ ಕಟ್ಟುವ ಹಣ. ವಿದ್ಯುತ್ ಕಾಯ್ದೆಯ 65ನೇ ಕಲಂ ಪ್ರಕಾರ ಅದನ್ನು ಮುಂಗಡವಾಗಿ ಕೊಡಬೇಕು. ಯೋಜನೆ ಇರುವುದು, ಹೋಗುವುದು ಸರ್ಕಾರದ ತೀರ್ಮಾನ, ಕಂಪನಿಯದ್ದಲ್ಲ. ಇನ್ನು, ತಿಂಗಳ ಬಿಲ್ಲೇ ಸೊನ್ನೆ ಇರುವ ಮನೆಗೆ ಅದಕ್ಕಿಂತ ಕಡಿಮೆ ದರ ಹಿಡಿದು ಯಾರು ಬರುತ್ತಾರೆ ಹೇಳಿ? ಪೈಪೋಟಿ ಬಂದರೆ ಕಾರ್ಖಾನೆ, ಆಸ್ಪತ್ರೆ, ಮಾಲ್‌ಗಳ ಕಡೆಗೇ ಬರುತ್ತದೆ ಎಂದು ನಾನು ಹೇಳುವುದು ಅದಕ್ಕೇ.

ಪ್ರಶ್ನೆ: ಬೆಸ್ಕಾಂ ಖಾಸಗಿಯಾಗುತ್ತದೆ, ಬೋರ್‌ವೆಲ್ ಮೋಟರಿಗೆ ಮೀಟರ್ ಬರುತ್ತದೆ ಅಂತಾರೆ. ಹೌದಾ?
– ಶೇಂಗಾ ಬೆಳೆಗಾರ, ಚಳ್ಳಕೆರೆ

ಉತ್ತರ: ಎರಡು ಬೇರೆ ಮಾತು ಒಂದರೊಳಗೊಂದು ಸೇರಿಕೊಂಡಿವೆ. ಖಾಸಗಿಯಾಗುವುದೇ ಬೇರೆ, ಪೈಪೋಟಿ ಬರುವುದೇ ಬೇರೆ. ದೆಹಲಿಯಲ್ಲಿ 2002ರಲ್ಲೇ ವಿತರಣೆ ಖಾಸಗಿಯವರ ಕೈಗೆ ಹೋಯಿತು. ಸೋರಿಕೆ ಇಳಿದದ್ದು ನಿಜ, ಆದರೆ ಒಂದು ಬಡಾವಣೆಗೆ ಇಂದಿಗೂ ಒಂದೇ ಕಂಪನಿ. ಕೇಂದ್ರ 2025ರ ಅಕ್ಟೋಬರ್‌ನಲ್ಲಿ ಹೊರಡಿಸಿದ ತಿದ್ದುಪಡಿ ಕರಡಿನಲ್ಲಿರುವುದು ಒಂದೇ ತಂತಿಯಲ್ಲಿ ಹಲವರು ಮಾರುವ ವಿಚಾರ. ಅದು ಬಂದರೂ 10 ಎಚ್‌ಪಿವರೆಗಿನ ಉಚಿತ ಪಂಪ್‌ಸೆಟ್‌ ಬೇಕೆಂದು ಯಾವ ಕಂಪನಿಯೂ ಓಡಿ ಬರುವುದಿಲ್ಲ. ನೀವು ಬೆಸ್ಕಾಂನಲ್ಲೇ ಉಳಿಯುತ್ತೀರಿ. ಲಾಭದ ಗ್ರಾಹಕರು ಹೊರಹೋದಷ್ಟೂ ನಿಮ್ಮ ಸಬ್ಸಿಡಿಗೆ ಸರ್ಕಾರದ ಬೊಕ್ಕಸದಿಂದಲೇ ಹೆಚ್ಚು ಹಣ ಬರಬೇಕಾಗುತ್ತದೆ. ಆಗ ಬಳಕೆ ಎಷ್ಟೆಂದು ಲೆಕ್ಕ ಕೇಳುತ್ತಾರೆ. ಮೀಟರಿನ ಮಾತು ಏಳುವುದು ಅಲ್ಲಿಂದ.

ನಿಮ್ಮ ಪಂಪಿನ ಆರ್‌ಆರ್ ನಂಬರ್ ಯಾರ ಹೆಸರಿನಲ್ಲಿದೆ ನೋಡಿ. ಇನ್ನೂ ತಂದೆಯವರದ್ದೋ ತಾತನದ್ದೋ ಹೆಸರಿದ್ದರೆ ಪಹಣಿ, ವಂಶವೃಕ್ಷ ಹಿಡಿದು ಉಪವಿಭಾಗ ಕಚೇರಿಯಲ್ಲಿ ಈಗಲೇ ಬದಲಾಯಿಸಿಕೊಳ್ಳಿ. ಸಬ್ಸಿಡಿ ನೇರ ಖಾತೆಗೆ ಎಂಬ ತೀರ್ಮಾನ ಎಂದಾದರೂ ಬಂದರೆ, ಆ ಪಟ್ಟಿ ತಯಾರಾಗುವುದು ದಾಖಲೆಯಲ್ಲಿರುವ ಹೆಸರಿನ ಮೇಲೆ.