ಆಟದ ಹೆಸರು ಆಡುವವರದ್ದು

ಸೇಡಂನ ಓದುಗರೊಬ್ಬರು ಸಿಟ್ಟಿನಿಂದ ಬರೆದಿದ್ದಾರೆ: ‘ಕಳೆದ ಸಂಚಿಕೆಯಲ್ಲಿ ವೀಲ್‌ಚೇರ್ ರಗ್ಬಿಗೆ ಮರ್ಡರ್‌ಬಾಲ್ ಅಂತಲೂ ಬರೆದಿದ್ದೀರಿ. ಪಾಪ, ಕೈಕಾಲು ಸೋತವರ ಆಟಕ್ಕೆ ಕೊಲೆಯ ಹೆಸರೇ? ಇದು ಅವರಿಗೆ ಅವಮಾನ.’

ನಿಮ್ಮ ಕಳಕಳಿ ದೊಡ್ಡದು ಸರ್. ಮಕ್ಕಳೂ ಓದುವ ಪತ್ರಿಕೆಯಲ್ಲಿ ಆ ಹೆಸರು ಕಣ್ಣಿಗೆ ರಾಚುತ್ತದೆ, ನಿಜ. ಆದರೆ ಅದನ್ನು ಇಟ್ಟವರು ಯಾರು ಗೊತ್ತಾ? ಆಡಿದವರೇ! 1970ರ ದಶಕದಲ್ಲಿ ಕೆನಡಾದ ವಿನಿಪೆಗ್‌ನಲ್ಲಿ ವೀಲ್‌ಚೇರ್ ಆಟಗಾರರು ಐದು ಜನ ಸೇರಿ ಈ ಆಟ ಕಟ್ಟಿದರು. ಕೈಯಲ್ಲೂ ಬಲ ಕಡಿಮೆ ಇದ್ದವರಿಗೆ ವೀಲ್‌ಚೇರ್ ಬಾಸ್ಕೆಟ್‌ಬಾಲ್ ಕಷ್ಟವಾಗುತ್ತಿತ್ತು. ಇಲ್ಲಿ ವಾಲಿಬಾಲ್‌ನಂಥ ಚೆಂಡನ್ನು ತೊಡೆಯ ಮೇಲಿಟ್ಟುಕೊಂಡು ಎದುರಾಳಿಯ ಗೆರೆ ದಾಟಬೇಕು. ತಂಡಕ್ಕೆ ನಾಲ್ಕು ಜನ, ಗಂಡು ಹೆಣ್ಣು ಒಟ್ಟಿಗೆ. ಹತ್ತು ಸೆಕೆಂಡಿನೊಳಗೆ ಚೆಂಡು ಪುಟಿಸಬೇಕು ಇಲ್ಲವೇ ಪಾಸ್ ಕೊಡಬೇಕು. ಕುರ್ಚಿಗೆ ಕುರ್ಚಿ ಢಿಕ್ಕಿ ಹೊಡೆಸುವುದಕ್ಕೆ ನಿಯಮದಲ್ಲೇ ಅವಕಾಶವಿದೆ. ಆಟಗಾರ ಕುರ್ಚಿ ಸಮೇತ ಉರುಳುವುದೂ ಉಂಟು. ಉರುಳಿದವನನ್ನು ಎತ್ತಿ ಕೂರಿಸುತ್ತಾರೆ, ಆಟ ಮುಂದುವರಿಯುತ್ತದೆ.

ಅಮೆರಿಕದಲ್ಲಿ ಅದು ಕ್ವಾಡ್ ರಗ್ಬಿ ಆಯಿತು. ಕ್ವಾಡ್ರಿಪ್ಲೀಜಿಯಾ, ಅಂದರೆ ಎರಡು ಕೈ ಎರಡು ಕಾಲು ಸೋತ ಸ್ಥಿತಿಯಿಂದ ಬಂದ ಹೆಸರು. 2000ರ ಸಿಡ್ನಿ ಪ್ಯಾರಾಲಿಂಪಿಕ್ಸ್‌ನಲ್ಲಿ ಪದಕದ ಆಟವಾಗುವ ಹೊತ್ತಿಗೆ ವೀಲ್‌ಚೇರ್ ರಗ್ಬಿ ಅಂತ ಆಗಿತ್ತು. ಹೆಸರು ಮೆದುವಾಯಿತು, ಢಿಕ್ಕಿಗಳು ಹಾಗೇ ಇವೆ. ಪ್ಯಾರಾಲಿಂಪಿಕ್ಸ್ ಕೂಡ ಹೀಗೇ. ಮೊದಮೊದಲು ಅದರಲ್ಲಿದ್ದದ್ದು ಪ್ಯಾರಾಪ್ಲೀಜಿಯಾ, ಅಂದರೆ ಸೊಂಟದ ಕೆಳಗಿನ ಲಕ್ವ. ಬೇರೆ ಬೇರೆ ನ್ಯೂನತೆಯವರೂ ಆಡತೊಡಗಿದ ಮೇಲೆ ಆ ಅರ್ಥ ಸಾಲಲಿಲ್ಲ. ಈಗ ಗ್ರೀಕಿನ ‘ಪ್ಯಾರಾ’, ಅಂದರೆ ‘ಪಕ್ಕದಲ್ಲಿ’ ಎನ್ನುತ್ತಾರೆ. ಒಲಿಂಪಿಕ್ಸ್‌ನ ಪಕ್ಕದಲ್ಲಿ, ಸರಿಸಮನಾಗಿ. ನನಗೆ ತುಂಬಾ ಹಿಡಿಸಿದ ಅರ್ಥ ಇದು.

ನಿಮ್ಮ ಪತ್ರದಲ್ಲಿ ನನ್ನನ್ನು ಚುಚ್ಚಿದ್ದು ಆ ‘ಪಾಪ’. ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಮೊಬೈಲ್ ರಿಪೇರಿ ಮಾಡುವ ಗೆಳೆಯರೊಬ್ಬರಿದ್ದಾರೆ. ಗಾಲಿ ತಳ್ಳಿ ತಳ್ಳಿ ಅವರ ಹೆಬ್ಬೆರಳ ಬುಡ ಜಡ್ಡುಗಟ್ಟಿದೆ. ಅವರು ಹೇಳುವುದು ಇಷ್ಟೇ: ‘ಪಾಪ ಅನಬ್ಯಾಡ್ರಿ, ದಾರಿ ಬಿಡ್ರಿ.’ ಅಂಗವಿಕಲರ ಪ್ರಮಾಣಪತ್ರಕ್ಕೆಂದು ಅವರು ಹೋದ ಕಚೇರಿ ಇದ್ದದ್ದು ಮೊದಲ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಇಬ್ಬರು ಅವರನ್ನು ಎತ್ತಿಕೊಂಡು ಹೋದರು. ಬಾಗಿಲ ಮೇಲಿನ ಬೋರ್ಡಿನಲ್ಲಿ ಮಾತ್ರ ‘ವಿಕಲಚೇತನರು’ ಅಂತ ಗೌರವದ ಪದ! ಅಂಗವಿಕಲ ಹೋಗಿ ವಿಕಲಚೇತನ ಬಂತು, ಈಗ ದಿವ್ಯಾಂಗ. ಪದ ಬದಲಿಸಲು ಕಾಸು ಖರ್ಚಿಲ್ಲ. ರ‍್ಯಾಂಪ್ ಕಟ್ಟಲು ಸಿಮೆಂಟ್ ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅದನ್ನೇ ಕೇಳುತ್ತದೆ, ಅಲ್ವಾ?

ಹಾಗಾಗಿ ಮುಂದೆಯೂ ವೀಲ್‌ಚೇರ್ ರಗ್ಬಿ, ಮರ್ಡರ್‌ಬಾಲ್ ಎರಡೂ ಹೆಸರು ಅಚ್ಚಾಗುತ್ತವೆ. ನೀವು ಸೇಡಂನ ಕಚೇರಿಗಳಲ್ಲಿ ಎಲ್ಲೆಲ್ಲಿ ರ‍್ಯಾಂಪ್ ಇಲ್ಲ ಅಂತ ನೋಡಿ ಇದೇ ಸಿಟ್ಟಿನಲ್ಲಿ ಬರೆಯಿರಿ. ಮೊದಲ ಪುಟದಲ್ಲೇ ಹಾಕುತ್ತೇನೆ.

— ಸಂಪಾದಕ