ಭಾನುವಾರದ ಗುಂಪು ಓಟದ ಜೊತೆಗೇ ಬಡಾವಣೆಯ ತೋಟದ ಕೆಲಸವನ್ನೂ ಮಾಡುವುದು ಹೇಗೆ?

ಬೆಂಗಳೂರಿನಲ್ಲಿ ಭಾನುವಾರ ಬೆಳಗ್ಗೆ ಹದಿನಾರು ಜನ ಒಟ್ಟಿಗೆ ಓಡುತ್ತೀರಿ, ಮೂರು ಕಿಲೋಮೀಟರ್ ದೂರದಲ್ಲಿ ಬಡಾವಣೆಯವರೇ ನೋಡಿಕೊಳ್ಳುವ ಒಂದು ತೋಟವಿದೆ, ಎರಡನ್ನೂ ಒಂದೇ ಬೆಳಗ್ಗೆ ಮುಗಿಸಲು ಆಗುತ್ತದೆಯೇ ಎಂದು ಕೇಳಿದ್ದೀರಿ.

ಆಗುತ್ತದೆ. ಲಂಡನ್ನಿನಲ್ಲಿ ಐವೊ ಗೋರ್ಮ್ಲಿ 2009ರಲ್ಲಿ ಶುರುಮಾಡಿದ ಗುಡ್‌ಜಿಮ್ ಎಂಬ ಓಟಗಾರರ ಗುಂಪು ನಡೆಯುವುದೇ ಹೀಗೆ: ಓಡುತ್ತಾ ಕೆಲಸದ ಜಾಗಕ್ಕೆ ಹೋಗುವುದು, ಕೈಕೆಲಸ ಮಾಡುವುದು, ಓಡುತ್ತಾ ವಾಪಸ್ ಬರುವುದು. ಆದರೆ ಸಸಿ ನೆಡುವುದರಿಂದ ಮಾತ್ರ ಶುರುಮಾಡಬೇಡಿ. ಫೋಟೋ ಚೆನ್ನಾಗಿ ಬರುವುದು ಅದರಲ್ಲೇ, ಸಾಯುವುದೂ ಅದೇ. ವಾರಕ್ಕೊಮ್ಮೆ ಮುಕ್ಕಾಲು ಗಂಟೆ ಬರುವ ಹದಿನಾರು ಜನ ತೋಟಕ್ಕೆ ಕೊಡಬಲ್ಲದ್ದು ತೋಳ್ಬಲ, ದಿನದ ಆರೈಕೆಯಲ್ಲ. ಸೋಮವಾರದಿಂದ ಶನಿವಾರದವರೆಗೆ ನೀರು ಹಾಕುವವರು ಇಂಥವರೇ ಎಂದು ಗೊತ್ತಾಗುವವರೆಗೆ ಅಗೆಯುವುದು, ಹೊರುವುದು, ಕಳೆ ಕೀಳುವುದು, ಗೊಬ್ಬರ ಮಗುಚುವುದು ಇಷ್ಟೇ ಸಾಕು. ತೋಟ ನೋಡಿಕೊಳ್ಳುವವರಿಗೆ ಒಬ್ಬರೇ ಮಾಡಲಾಗದ ಕೆಲಸಗಳೂ ಇವೇ.

ಇವುಗಳಲ್ಲಿ ಓಟಗಾರರಿಗೆ ಹೇಳಿ ಮಾಡಿಸಿದ್ದು ಎಲೆಗೊಬ್ಬರ. ಫೆಬ್ರವರಿ–ಮಾರ್ಚಿನಲ್ಲಿ ಹೊಂಗೆ, ಮಳೆಮರಗಳು ಎಲೆ ಉದುರಿಸುತ್ತವೆ, ಗೋಣಿಚೀಲಕ್ಕೆ ತುಂಬಿಸುವುದಷ್ಟೇ ಕೆಲಸ. ಮಾವು, ಹಲಸಿನ ಎಲೆ ಚರ್ಮದ ಹಾಗೆ, ಹಾಗೇ ಹಾಕಿದರೆ ವರ್ಷವಾದರೂ ಕರಗದು. ನೆಲದ ಮೇಲೆ ಹರಡಿ ಎಲ್ಲರೂ ಸೇರಿ ತುಳಿದು ಪುಡಿಮಾಡಿ. ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಎತ್ತರದ ರಾಶಿ ಬೇಕು. ಅದಕ್ಕಿಂತ ಸಣ್ಣದಾದರೆ ಬಿಸಿ ನಿಲ್ಲುವುದಿಲ್ಲ. ಎರಡು ಬಾಂಡ್ಲಿ ಒಣ ಎಲೆಗೆ ಒಂದು ಬಾಂಡ್ಲಿ ಹಸಿ (ಕತ್ತರಿಸಿದ ಹುಲ್ಲು, ತರಕಾರಿ ಸಿಪ್ಪೆ), ನಡುನಡುವೆ ಸಗಣಿ ನೀರು. ವಾರಕ್ಕೊಮ್ಮೆ ಮಗುಚಬೇಕು, ನಿಮ್ಮ ಭಾನುವಾರಕ್ಕೆ ಸರಿಯಾಗಿ ಹೊಂದುತ್ತದೆ. ನಾಲ್ಕು ಜನಕ್ಕೆ ಅರ್ಧ ಗಂಟೆಯ ಕೆಲಸ. ಹೊರಗಿನದು ಒಳಗೆ, ಒಳಗಿನದು ಹೊರಗೆ ಬರುವಂತೆ ಪಕ್ಕಕ್ಕೆ ಹೊಸ ರಾಶಿ ಹಾಕಿ, ಇದ್ದಲ್ಲೇ ಕೆದಕಿದರೆ ಸಾಲದು.

ರಾಶಿ ಹೇಗಿದೆ ಎಂದು ತಿಳಿಯಲು ಮೀಟರ್ ಬೇಡ. ಕಬ್ಬಿಣದ ಹಾರೆಯನ್ನು ನಡುಮಧ್ಯಕ್ಕೆ ಚುಚ್ಚಿ ಐದು ನಿಮಿಷ ಬಿಟ್ಟು ಎಳೆಯಿರಿ. ತುದಿಯನ್ನು ಹಿಡಿದುಕೊಳ್ಳಲಾಗದಷ್ಟು ಸುಟ್ಟರೆ ಒಳಗೆ 55 ಡಿಗ್ರಿಯ ಆಸುಪಾಸಿನಲ್ಲಿದೆ, ಸರಿ. ತಣ್ಣಗಿದ್ದರೆ ಒಂದು ಹಿಡಿ ತೆಗೆದು ಹಿಂಡಿ. ಒಂದೆರಡು ಹನಿ ಬರಬೇಕು. ಏನೂ ಬಾರದಿದ್ದರೆ ನೀರು ಸಾಲದು, ಧಾರೆಯಾಗಿ ಇಳಿದರೆ ಒಣ ಎಲೆ ಸಾಲದು. ಮೂಗಿಗೆ ಚುರ್ ಎನ್ನುವ ವಾಸನೆ ಹಸಿ ಹೆಚ್ಚಾದುದರ ಗುರುತು, ಕೊಳೆತ ಮೊಟ್ಟೆಯ ವಾಸನೆ ಗಾಳಿ ಆಡದ್ದರದು. ಹಳೆಯ ಎಲೆರಾಶಿಗೆ ಕೈ ಹಾಕುವ ಮುಂಚೆ ಕೋಲಿನಿಂದ ತಟ್ಟಿ, ಕೆದಕಿ. ಹಾವು, ಚೇಳು ಇರುವ ಜಾಗ ಅದು.

ಇನ್ನು ಸಸಿ ನೆಡುವ ಗುಂಡಿ. ಉದ್ದ, ಅಗಲ, ಆಳ ಮೂರೂ ಒಂದೂವರೆ ಅಡಿಯ ಗುಂಡಿ ಎಂದರೆ ಸುಮಾರು 95 ಲೀಟರ್ ಮಣ್ಣು, ತೂಕದಲ್ಲಿ ನೂರು ಕಿಲೋಗೂ ಮೇಲೆ. ನಮ್ಮ ಕೆಂಪು ಮಣ್ಣು ಏಪ್ರಿಲಿನಲ್ಲಿ ಕಲ್ಲು. ಹಿಂದಿನ ಸಂಜೆ ಜಾಗಕ್ಕೆ ಎರಡು ಬಕೆಟ್ ನೀರು ಹುಯ್ದಿಟ್ಟರೆ ಹಾರೆ ಇಳಿಯುತ್ತದೆ. ಗುಂಡಿಗೆ ನಾಲ್ವರಂತೆ ನಾಲ್ಕು ಗುಂಡಿ, ಒಂದು ಬೆಳಗ್ಗೆಗೆ ಅಷ್ಟೇ ಗುರಿ. ಇಬ್ಬರು ಅಗೆಯಲಿ, ಇಬ್ಬರು ಮಣ್ಣು ಎತ್ತಲಿ, ಹತ್ತು ನಿಮಿಷಕ್ಕೊಮ್ಮೆ ಬದಲಾಗಲಿ. ಮೇಲ್ಮಣ್ಣನ್ನು ಬೇರೆ ಗುಡ್ಡೆ ಹಾಕಿ, ಮೂರರಲ್ಲೊಂದು ಪಾಲು ಗೊಬ್ಬರ ಬೆರೆಸಿಡಿ. ನೆಡುವುದು ಜೂನ್–ಜುಲೈನಲ್ಲಿ, ಮಳೆ ಹಿಡಿದ ಮೇಲೆ. ಸಸಿ ಬಂದ ಚೀಲದಲ್ಲಿ ಮಣ್ಣು ಎಷ್ಟು ಮಟ್ಟಕ್ಕಿತ್ತೋ ನೆಲವೂ ಅಷ್ಟೇ ಮಟ್ಟಕ್ಕೆ ಬರಬೇಕು. ಕಾಂಡ ಮುಚ್ಚುವ ಹಾಗೆ ಮಣ್ಣು ಏರಿಸಿದರೆ ಬುಡ ಕೊಳೆಯುತ್ತದೆ. ಪಾತಿಗೆ ಮೂರು ಇಂಚು ಒಣ ಎಲೆ ಹೊದಿಸಿ, ಕಾಂಡದ ಸುತ್ತ ನಾಲ್ಕು ಬೆರಳು ಖಾಲಿ ಬಿಡಿ. ಮೊದಲ ಎರಡು ಬೇಸಿಗೆ ದಾಟಿಸುವುದೇ ನಿಜವಾದ ಕೆಲಸ.

ಓಟದ ಲೆಕ್ಕ ಸುಲಭ. 6.15ಕ್ಕೆ ಹೊರಟು ಕಿಲೋಮೀಟರಿಗೆ ಎಂಟು ನಿಮಿಷದಂತೆ, ಮಾತಾಡುತ್ತಾ ಓಡುವ ವೇಗದಲ್ಲಿ ಹೋದರೆ 6.40ಕ್ಕೆ ತೋಟ. ನಡೆದು ಬರುವವರು 6.00ಕ್ಕೇ ಹೊರಡಲಿ, ಇಬ್ಬರೂ ಒಟ್ಟಿಗೆ ತಲುಪುತ್ತಾರೆ. ಇದನ್ನು ಮಾಡದಿದ್ದರೆ ನಿಧಾನದವರು ಎರಡೇ ವಾರಕ್ಕೆ ಬರುವುದನ್ನು ಬಿಡುತ್ತಾರೆ. 45 ನಿಮಿಷ ಕೆಲಸ, ಆಮೇಲೆ ನಿಧಾನ ಓಟದಲ್ಲಿ ವಾಪಸ್. ಹದಿನೈದು ಕಿಲೋಮೀಟರ್ ಓಡಿದ ದಿನ, ಜೋರು ಓಟದ ಅಭ್ಯಾಸ ಮಾಡಿದ ದಿನ ಗುದ್ದಲಿ ಮುಟ್ಟಬೇಡಿ. ತೊಡೆಯ ಹಿಂಭಾಗ ಬಿಗಿದಿರುವಾಗ ಬಗ್ಗಿದರೆ ಸೊಂಟ ಹಿಡಿದುಕೊಳ್ಳುತ್ತದೆ. ಅಂಥ ದಿನ ನೀರು ಹಾಕಿ, ಚೀಲ ಹಿಡಿಯಿರಿ, ಸಾಕು.

ಓಟದ ಶೂ ಹಾಕಿಕೊಂಡು ಸನಿಕೆ ತುಳಿಯಬೇಡಿ. ಮೇಲಿನ ಜಾಲರಿ ಬಟ್ಟೆ ಕಬ್ಬಿಣ ತಡೆಯುವುದಿಲ್ಲ, ಕೆಳಗಿನ ಫೋಮ್ ಹರಿಯುತ್ತದೆ. ಹಳೆಯ ಗಟ್ಟಿ ಶೂ, ಕೈಗವಸು, ಪೂರ್ತಿ ತೋಳಿನ ಒಂದು ಒಣ ಅಂಗಿ ತೋಟದಲ್ಲೇ ಒಂದು ಡ್ರಮ್ಮಿನಲ್ಲಿರಲಿ, ಸಲಕರಣೆಗಳೂ ಅಲ್ಲೇ. ಹದಿನಾರು ಜನಕ್ಕೆ ನಾಲ್ಕು ಸನಿಕೆ, ಎರಡು ಹಾರೆ, ಎರಡು ಫೋರ್ಕ್, ಆರು ಬಾಂಡ್ಲಿ ಸಾಕು. ಎಲ್ಲರ ಕೈಯಲ್ಲೂ ಸನಿಕೆ ಕೊಟ್ಟರೆ ಒಬ್ಬರ ಕಾಲಿಗೆ ಇನ್ನೊಬ್ಬರು ಹಾಕುತ್ತಾರೆ. ಟೆಟನಸ್ ಚುಚ್ಚುಮದ್ದು ಹತ್ತು ವರ್ಷದೊಳಗಿನದೇ ಎಂದು ನೋಡಿಕೊಳ್ಳಿ.

ಆ ತೋಳಿನ ಅಂಗಿ ಏಕೆಂದರೆ ಪಾರ್ಥೇನಿಯಂ, ನಮ್ಮ ಕಾಂಗ್ರೆಸ್ ಗಿಡ. ಬೆವರಿದ ಬರಿಮೈಗೆ ಅದು ತಗುಲಿದರೆ ಕೆಲವರಿಗೆ ವಾರಗಟ್ಟಲೆ ತುರಿಕೆ, ಉಬ್ಬಸ ಇರುವವರಿಗೆ ಹೂವಿನ ಪರಾಗವೂ ಆಗದು. ಚಡ್ಡಿ-ಬನಿಯನ್ನಿನಲ್ಲಿ ಬಂದ ಓಟಗಾರರು ಅದಕ್ಕೆ ಕೈ ಹಾಕಲೇಬಾರದು. ಬಿಳಿ ಹೂ ಬಿಡುವ ಮುಂಚೆ, ಮಳೆ ಬಂದ ಮಾರನೇ ದಿನ, ಬೇರು ಸಮೇತ ಕೀಳಬೇಕು. ಹೂ ಬಿಟ್ಟಿದ್ದನ್ನು ಗೊಬ್ಬರಕ್ಕೆ ಹಾಕಬೇಡಿ, ಒಂದೊಂದು ಗಿಡದಲ್ಲೂ ಸಾವಿರಾರು ಬೀಜ.

ಜಾಗ ಪಾಲಿಕೆಯದಾಗಿದ್ದರೆ ತೋಟಗಾರಿಕೆ ವಿಭಾಗದಿಂದ ಬರವಣಿಗೆಯಲ್ಲೇ ಒಪ್ಪಿಗೆ ತೆಗೆದುಕೊಳ್ಳಿ, ಬಾಯಿಮಾತಿನ ಒಪ್ಪಿಗೆ ಅಧಿಕಾರಿ ವರ್ಗವಾದ ದಿನ ಮುಗಿಯುತ್ತದೆ. ಮರ ಕಡಿಯುವುದಕ್ಕೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿಯ ಅನುಮತಿ ಬೇಕು, ಕೊಂಬೆಗೂ ನೀವಾಗಿಯೇ ಕೈ ಹಾಕಬೇಡಿ. ಫುಟ್‌ಪಾತಿನ ಅಂಚಿನಲ್ಲಿ ಮಾತ್ರ ಹಾರೆ ಹಾಕಲೇಬೇಡಿ: ಕೆಳಗೆ ಬೆಸ್ಕಾಂ ಕೇಬಲ್ಲೂ ಇರಬಹುದು, ಅಡುಗೆ ಗ್ಯಾಸಿನ ಪೈಪೂ ಇರಬಹುದು.